ಹೋಲಿಕೆ ಗುಂಪಿನ ಗೋಡೆ

ಜೂನ್ 9

ಮಾನ್ಯರೇ,

ನಿಮ್ಮ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕವನ್ನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಪುಸ್ತಕ ಪರಿಷ್ಕರಣೆಯಾಗುತ್ತಿದೆ, ಓದುಗರು ಅಭಿಪ್ರಾಯ ಕಳಿಸಲಿ ಎಂದು ಪ್ರಕಾಶಕರಿಂದ ಒಂದು ಹಾಳೆ ಬಂತು. ಅಧ್ಯಾಯಕ್ಕೆ ಎರಡೆರಡು ಗೆರೆ ಜಾಗ ಬಿಟ್ಟಿದ್ದಾರೆ. ಮಿಕ್ಕ ಅಧ್ಯಾಯಗಳಿಗೆ ಅದೇ ಹೆಚ್ಚಾಯಿತು, ನಾಲ್ಕನೆಯದಕ್ಕೆ ಸಾಲಲಿಲ್ಲ. ಹಾಗಾಗಿ 'ಪ್ರಯೋಗಗಳು ಮತ್ತು ಸಮೀಕ್ಷೆಗಳು' ಅಧ್ಯಾಯವನ್ನು ಪೂರ್ತಿ ಜೆರಾಕ್ಸ್ ಮಾಡಿಸಿ, ಅಂಚಿನಲ್ಲಿ ಬರೆದು, ನೇರವಾಗಿ ನಿಮಗೇ ಕಳಿಸುತ್ತಿದ್ದೇನೆ.

ಮೊದಲು ಮೆಚ್ಚುಗೆ. ನನ್ನ ಹುಡುಗಿಯರು ಪರೀಕ್ಷೆಯ ಭಯವಿಲ್ಲದೆ ಓದುವ ಅಧ್ಯಾಯ ಇದೊಂದೇ. ಎಲ್ಲ ಪುಸ್ತಕಗಳಲ್ಲೂ ಪ್ರಯೋಗ ಗೆಲ್ಲುತ್ತದೆ, ನಿಮ್ಮದರಲ್ಲಿ ಸೋಲುತ್ತದೆ. ಉಗ್ಗುವ ಮಕ್ಕಳಿಗೆ ಒಂದು ಹೊಸ ಅಭ್ಯಾಸ. ನಾಣ್ಯ ಚಿಮ್ಮಿಸಿ ಅರ್ಧ ಮಕ್ಕಳನ್ನು ಅಭ್ಯಾಸದ ಕೋಣೆಗೆ ಕಳಿಸಿದಿರಿ, ಇನ್ನರ್ಧ ಮಕ್ಕಳನ್ನು ಹೋಲಿಕೆಗೆಂದು ಹೊರಗೆ ಬೆಂಚಿನ ಮೇಲೆ ಕೂರಿಸಿದಿರಿ. ವರ್ಷದ ಕೊನೆಯಲ್ಲಿ ನೋಡಿದರೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದ್ದವು. 'ಆದ್ದರಿಂದ ಸುಧಾರಣೆಗೆ ಕಾರಣ ಅಭ್ಯಾಸವಲ್ಲ, ವಯಸ್ಸು' ಎಂದು ಮುಗಿಸುತ್ತೀರಿ. "ಮೇಡಂ, ಸೋತಿದ್ದನ್ನ ಯಾಕೆ ಪುಸ್ತಕದಲ್ಲಿ ಹಾಕಿದಾರೆ?" ಎಂದು ಒಬ್ಬಳು ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಬೆಂಚಿನವಳು, "ಗೆದ್ದೋರು ಸುಳ್ಳು ಹೇಳಬಹುದು ಕಣೇ, ಸೋತೋರಿಗೆ ಏನು ದರ್ದು?" ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಈಗ ತಕರಾರು. ಸಮೀಕ್ಷೆಯ ಭಾಗದಲ್ಲಿ ಉತ್ತರ ಕೊಡದವರಿಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ. ನಿಮ್ಮ ಪುಸ್ತಕದಲ್ಲಿ ಎಲ್ಲರೂ ಬಾಗಿಲು ತೆಗೆಯುತ್ತಾರೆ. ನನ್ನ ಹುಡುಗಿಯರನ್ನು ಸಮೀಕ್ಷೆಗೆಂದು ಬೀದಿಗೆ ಕಳಿಸಿದರೆ ಬಾಗಿಲು ತೆಗೆದ ಗಂಡಸೇ "ಮನೇಲಿ ಯಾರೂ ಇಲ್ಲಮ್ಮ" ಎಂದು ಹೇಳಿ ಹಾಕಿಕೊಂಡನಂತೆ. ಬೀಗ ಕಂಡ ಕಡೆಯಲ್ಲೆಲ್ಲ ಇವರು ಪಕ್ಕದ ಮನೆಗೆ ಹೋಗಿ ಹಾಳೆ ತುಂಬಿಸಿಕೊಂಡು ಬಂದಿದ್ದಾರೆ. ಅದು ತಪ್ಪು ಎಂದು ನಿಮ್ಮ ಪುಸ್ತಕ ಹೇಳುವುದಿಲ್ಲ.

ಇನ್ನೊಂದು. 'ಹೋಲಿಕೆ ಗುಂಪಿನ ಮಕ್ಕಳಿಗೆ ಏನನ್ನೂ ಮಾಡಲಿಲ್ಲ' ಎಂದಿದ್ದೀರಿ. ನಿಮಗೆ ಹೇಗೆ ಗೊತ್ತು?

ವಂದನೆಗಳೊಂದಿಗೆ,
ನಿಮ್ಮ ಓದುಗಿ


ಜೂನ್ 20

ಪ್ರಿಯ ಓದುಗರೇ,

ಈ ಸಂಬೋಧನೆಯನ್ನು ಮುನ್ನುಡಿಯಲ್ಲಿ ಬರೆದಾಗ ಎದುರಿಗೆ ಯಾರೂ ಇರಲಿಲ್ಲ. ಈಗ ಇದ್ದೀರಿ, ಸ್ವಲ್ಪ ಗಾಬರಿಯಾಗುತ್ತಿದೆ.

ನಿಮ್ಮ ಅಂಚಿನ ಬರಹಗಳನ್ನು ಎರಡು ಸಲ ಓದಿದೆ. ನನ್ನ ಹೆಂಡತಿಯೂ ಓದಿದಳು. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ದಿನವಿಡೀ "ಸದ್ದು ಮಾಡಬೇಡಿ" ಎಂದು ಬಂದು, ಮಾತಿನ ಬಾಕಿಯನ್ನೆಲ್ಲ ಮನೆಯಲ್ಲಿ ತೀರಿಸುತ್ತಾಳೆ. "ನಿಮ್ಮ ಪುಸ್ತಕಾನ ಇಷ್ಟು ಗಮನ ಕೊಟ್ಟು ಓದಿರೋ ನತದೃಷ್ಟೆ ನಾನೊಬ್ಬಳೇ ಅಂದ್ಕೊಂಡಿದ್ದೆ. ಜೊತೆ ಸಿಕ್ಕಿತು," ಎಂದಳು. ಬಾಗಿಲು ತೆಗೆದು ಯಾರೂ ಇಲ್ಲ ಎಂದವನ ಕಥೆಗೆ ತುಂಬ ನಕ್ಕಳು. ಆ ಕಥೆಯನ್ನು ಪುಸ್ತಕಕ್ಕೆ ಹಾಕಿಕೊಳ್ಳಲು ಅನುಮತಿ ಕೊಡಿ. ಉತ್ತರ ಕೊಡದವರ ಭಾಗವನ್ನು ಹೊಸದಾಗಿಯೇ ಬರೆಯುತ್ತೇನೆ. ಬೀಗ ಹಾಕಿದ ಮನೆಯವರು ಕೆಲಸಕ್ಕೆ ಹೋದವರು. ಪಕ್ಕದ ಮನೆಯಲ್ಲಿ ಸಿಕ್ಕವರು ಮನೆಯಲ್ಲೇ ಇರುವವರು. ಒಬ್ಬರ ಬದಲು ಇನ್ನೊಬ್ಬರು ಆಗುವುದಿಲ್ಲ. ಇದು ನನಗೆ ಗೊತ್ತಿತ್ತು, ಬರೆಯಲು ಹೊಳೆದಿರಲಿಲ್ಲ.

ಎರಡನೆಯ ತಕರಾರು ಮಾತ್ರ ಒಪ್ಪಲಾರೆ. ಆ ಪ್ರಯೋಗ ಮಾಡಿದವನು ನಾನೇ. ಅಭ್ಯಾಸ ಕಲಿಸುತ್ತಿದ್ದ ಮಾತಿನ ಟೀಚರ್ ಕೋಣೆಯೊಳಗೆ ಇರುತ್ತಿದ್ದರು, ಹೋಲಿಕೆ ಗುಂಪಿನ ಮಕ್ಕಳು ಬೆಂಚಿನ ಮೇಲೆ ಚಿತ್ರ ಬರೆಯುತ್ತ ಕೂತಿರುತ್ತಿದ್ದರು. ಕೋಣೆಯಲ್ಲಿ ಕಲಿತದ್ದನ್ನು ಹೊರಗೆ ಹೇಳಬಾರದು ಎಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿತ್ತು. ಏನೂ ಮಾಡಲಿಲ್ಲ ಅಂದರೆ ಏನೂ ಮಾಡಲಿಲ್ಲ.

ಕಾಗದದಲ್ಲಿ ಇಷ್ಟೆಲ್ಲ ಆಗುವುದು ನಿಧಾನ. ಕೆಳಗೆ ಮನೆಯ ಫೋನ್ ನಂಬರ್ ಬರೆದಿದ್ದೇನೆ, ಸಂಜೆ ಯಾವಾಗ ಬೇಕಾದರೂ ಮಾಡಿ.

ನಿಮ್ಮ,
ಪಠ್ಯಪುಸ್ತಕದ ಮೇಷ್ಟ್ರು


ಜುಲೈ 2

ಮೇಷ್ಟ್ರೇ,

ಫೋನ್ ಬೇಡ, ಕಾಗದವೇ ಇರಲಿ. ತಪ್ಪು ತಿಳಿಯಬೇಡಿ.

ಯಾರೂ ಇಲ್ಲ ಎಂದ ಗಂಡಸನ್ನು ಧಾರಾಳವಾಗಿ ಪುಸ್ತಕಕ್ಕೆ ಹಾಕಿಕೊಳ್ಳಿ. ಹುಡುಗಿಯರಿಗೆ ಹೇಳಿದೆ, ತಾವೇ ಅಚ್ಚಾದಷ್ಟು ಖುಷಿಪಟ್ಟರು. ಬೀಗದ ಮನೆಗಳಿಗೆ ಮತ್ತೆ ಹೋಗಿಬನ್ನಿ ಎಂದು ಕಳಿಸಿದ್ದೇನೆ. ಕೆಲವರು ಸಂಜೆ ಸಿಕ್ಕರು. ಒಂದು ಮನೆಯವರು ಮೂರನೆಯ ಸಲ ಹೋದಾಗ ಬಾಗಿಲು ತೆಗೆದು, "ನೀವು ಬರೋದನ್ನ ಮೊದಲನೇ ದಿನದಿಂದ ಕಿಟಕಿಯಿಂದ ನೋಡ್ತಾನೇ ಇದ್ದೆ. ಬಿಟ್ಟು ಹೋಗ್ತೀರೋ ಇಲ್ವೋ ಅಂತ ಕಾಯ್ತಿದ್ದೆ," ಎಂದರಂತೆ. ಇಂಥ ಮನೆಯನ್ನು ಯಾವ ಸಾಲಿನಲ್ಲಿ ಸೇರಿಸಬೇಕು, ನೀವೇ ಹೇಳಿ.

ನಾಣ್ಯದ ಬಗ್ಗೆ ಒಂದು ಪ್ರಶ್ನೆ. 'ಗುಂಪುಗಳನ್ನು ನಾಣ್ಯ ಚಿಮ್ಮಿಸಿ ವಿಂಗಡಿಸಲಾಯಿತು' ಎಂದು ಬರೆದಿದ್ದೀರಿ. ಚಿಮ್ಮಿಸಿದವರು ಯಾರು? ಎಲ್ಲಿ? ಮಕ್ಕಳ ಕಣ್ಣೆದುರಿಗೋ, ಆಫೀಸಿನೊಳಗೋ? ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಸಿಗುವ ಒಳ್ಳೆಯದೆಲ್ಲ ಯಾರದೋ ಮುಖ ನೋಡಿ ಸಿಗುವಂಥದು. ಮುದ್ದಾಗಿರುವವರಿಗೆ, ಚುರುಕಾಗಿರುವವರಿಗೆ, ಮೊದಲು ಹುಟ್ಟಿದವರಿಗೆ. ನಾಣ್ಯ ಯಾರ ಮುಖವನ್ನೂ ನೋಡುವುದಿಲ್ಲ. ನಿಮ್ಮ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ವಾಕ್ಯ ಅದು. ಅದನ್ನು ನೀವು ಕರ್ಮಣಿಯಲ್ಲಿ, ಮಾಡಿದವರನ್ನೇ ಬಿಟ್ಟು, ಹೇಳಿ ದಾಟಿಬಿಟ್ಟಿದ್ದೀರಿ.

ನಿಮ್ಮ ಓದುಗಿ


ಜುಲೈ 11

ಪ್ರಿಯ ಓದುಗರೇ,

ಫೋನ್ ವಿಚಾರ ಬಿಟ್ಟೆ. ಅಪರಿಚಿತರ ಮನೆಗೆ ಫೋನ್ ಮಾಡುವುದು ನಿಮ್ಮ ಸ್ವಭಾವವಲ್ಲ ಎಂದು ತಿಳಿಯಬೇಕಿತ್ತು.

ಕಿಟಕಿಯಿಂದ ನೋಡುತ್ತಿದ್ದ ಮನೆಯನ್ನು ಯಾವ ಸಾಲಿಗೂ ಸೇರಿಸಬೇಡಿ. ಅದಕ್ಕೆ ಅದರದೇ ಒಂದು ಸಾಲು ಬೇಕು.

ನಾಣ್ಯ ಚಿಮ್ಮಿಸಿದವನು ನಾನು, ಶಾಲೆಯ ಜಗಲಿಯಲ್ಲಿ, ಮಕ್ಕಳೆಲ್ಲರ ಎದುರಿಗೆ. ನಾನು ಆಫೀಸಿನಲ್ಲಿ ಕೂತು ಮುಗಿಸುವವನಿದ್ದೆ. ಮಾತಿನ ಟೀಚರ್ ಬಿಡಲಿಲ್ಲ. "ಮಕ್ಕಳಿಗೆ ಕಾಣೋ ಹಾಗೆ ಚಿಮ್ಮಿಸಿ. ತಾವು ಯಾಕೆ ಹೊರಗೆ ಕೂತಿದೀವಿ ಅಂತ ಅವರಿಗೆ ಗೊತ್ತಿರಬೇಕು. ತಾವು ದಡ್ಡರು ಅಂತಲ್ಲ, ನಾಣ್ಯ ಹಾಗೆ ಬಿತ್ತು ಅಂತ," ಎಂದರು. ಆಕೆಗೆ ಆಗ ಇಪ್ಪತ್ತರ ಮೇಲೆ ಸ್ವಲ್ಪ ವಯಸ್ಸು. ನಾನು ಸಂಖ್ಯಾಶಾಸ್ತ್ರ ಓದಿದ್ದೆ, ಆಕೆ ಓದಿರಲಿಲ್ಲ. ಆದರೂ ನಾಣ್ಯ ಯಾಕೆ ಬೇಕು ಎಂದು ನನಗೆ ಅರ್ಥವಾದದ್ದು ಆ ಜಗಲಿಯಲ್ಲಿ. ಒಬ್ಬ ಪುಟ್ಟ ಹುಡುಗಿ ತನ್ನ ಸರದಿ ಬಂದಾಗ ಮಾತಾಡದೆ, ಅಂಗೈಯನ್ನು ಹಾಗೊಮ್ಮೆ ಹೀಗೊಮ್ಮೆ ತಿರುಗಿಸಿ ತೋರಿಸಿದಳು. ಟೀಚರಿಗೆ ತಕ್ಷಣ ಗೊತ್ತಾಯಿತು: "ಎರಡೂ ಮಗ್ಗುಲು ನೋಡಬೇಕಂತೆ, ತೋರಿಸಿ." ತೋರಿಸಿದೆ. ನೋಡಿ ತಲೆಯಾಡಿಸಿದಳು. ನನ್ನ ವೃತ್ತಿಯಲ್ಲಿ ಅಷ್ಟು ಸರಿಯಾದ ಪ್ರಶ್ನೆಯನ್ನು ಯಾವ ವಿದ್ವಾಂಸರೂ ನನಗೆ ಕೇಳಿಲ್ಲ. ಅವಳಿಗೆ ಬೆಂಚು ಬಂತು.

ಇದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕೆನ್ನುತ್ತೀರಾ? ಬರೆಯಬಹುದಿತ್ತು. ಆದರೆ ಪ್ರಕಾಶಕರಿಂದ ನಿನ್ನೆ ಓದುಗರ ಅಭಿಪ್ರಾಯಗಳ ಕಟ್ಟು ಬಂದಿದೆ. ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: ಉಗ್ಗಿನ ಪ್ರಯೋಗ ಹಳೆಯದು, ಫಲಿಸದೇ ಹೋದದ್ದು, ವಿದ್ಯಾರ್ಥಿಗಳಿಗೆ ನಿರಾಶೆಯಾಗುತ್ತದೆ, ಬೇರೆ ಉದಾಹರಣೆ ಹಾಕಿ. ಓದುಗರನ್ನು ಕೇಳಿದ ಮೇಲೆ ಅವರ ಮಾತು ಕೇಳಬೇಕಲ್ಲ. ನಿಮ್ಮ ಅಭಿಪ್ರಾಯವೇನು? ಮತ್ತೆ, ಹೋಲಿಕೆ ಗುಂಪಿನ ಬಗ್ಗೆ ನಿಮಗೆ ಇಷ್ಟು ಆಸಕ್ತಿ ಯಾಕೆ? ಬೇಗ ಬರೆಯಿರಿ.

ನಿಮ್ಮ,
ಮೇಷ್ಟ್ರು


ಆಗಸ್ಟ್ 19

ಪ್ರಿಯ ಓದುಗರೇ,

ನಿಮ್ಮಿಂದ ಉತ್ತರವಿಲ್ಲ. ನನ್ನ ಪ್ರಶ್ನೆ ಅಧಿಕಪ್ರಸಂಗವಾಯಿತೇನೋ. ನಿಮಗೆ ಬೇಸರವಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ಅಧ್ಯಾಯದ ಕೆಲಸ ಮುಗಿಯುತ್ತ ಬಂತು. ಉತ್ತರ ಕೊಡದವರ ಭಾಗ ಈಗ ನಾಲ್ಕು ಪುಟವಾಗಿದೆ. ಅದು ಈ ಪುಸ್ತಕದ ಅತಿ ಒಳ್ಳೆಯ ನಾಲ್ಕು ಪುಟ, ಅದರ ಋಣ ನಿಮ್ಮದು. ಉಗ್ಗಿನ ಪ್ರಯೋಗವನ್ನು ತೆಗೆಯುತ್ತಿದ್ದೇನೆ. ಅದರ ಬದಲಿಗೆ ಕುಂಡಗಳಲ್ಲಿ ಬೀಜ ಬಿತ್ತಿ, ಅರ್ಧ ಕುಂಡಕ್ಕೆ ಗೊಬ್ಬರ ಹಾಕಿ ಮೊಳಕೆ ಅಳೆಯುವ ಉದಾಹರಣೆ. ಬೀಜಗಳು ಯಾರಿಗೂ ನಿರಾಶೆ ಮಾಡುವುದಿಲ್ಲ.

ಹೆಂಡತಿಗೆ ಹೇಳಿದೆ. "ನಿಮ್ಮ ಪುಸ್ತಕ, ನಿಮ್ಮಿಷ್ಟ," ಎಂದಳು. ನಾನು ಒಪ್ಪಿಗೆ ಎಂದುಕೊಂಡೆ. ಮಾತಿನ ಬಾಕಿ ತೀರಿಸುವವಳು ಆಮೇಲೆ ಎರಡು ದಿನ ಬಾಕಿಯನ್ನು ಹಾಗೇ ಇಟ್ಟುಕೊಂಡಳು.

ಪ್ರಕಾಶಕರಿಗೆ ಸೆಪ್ಟೆಂಬರ್ ಕೊನೆಯೊಳಗೆ ಕರಡು ಕೊಡಬೇಕು.

ನಿಮ್ಮ,
ಮೇಷ್ಟ್ರು


ಸೆಪ್ಟೆಂಬರ್ 3

ಮೇಷ್ಟ್ರೇ,

ಆ ಪ್ರಯೋಗ ತೆಗೆಯಬೇಡಿ. ಕುಂಡ ತೆಗೆಯಿರಿ.

ಹಾಳೆ ತುಂಬಿ ಕಳಿಸಿದವರು ಯಾರು ಎಂದು ಯೋಚಿಸಿದಿರಾ? ಸೋತ ಉದಾಹರಣೆಯನ್ನು ಪಾಠ ಮಾಡುವುದು ಕಷ್ಟ ಎಂದುಕೊಂಡ ಮೇಷ್ಟ್ರುಗಳು. ವಿದ್ಯಾರ್ಥಿಗಳಿಗೆ ಹಾಳೆಯೇ ಹೋಗಿಲ್ಲ. ನಾಲ್ಕು ಪುಟ ಬರೆದವರಿಗೆ ಇದನ್ನು ನಾನು ಹೇಳಬೇಕಾಗಿತ್ತೇ?

ಉತ್ತರ ಬರೆಯದಿದ್ದದ್ದು ಬೇಸರದಿಂದ ಅಲ್ಲ. ಒಬ್ಬರ ಒಪ್ಪಿಗೆ ಕೇಳಬೇಕಿತ್ತು. ಕೇಳುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ. ಸ್ವಲ್ಪ ತಡೆಯಿರಿ.

ನಿಮ್ಮ ಓದುಗಿ


ಸೆಪ್ಟೆಂಬರ್ 14

ಮೇಷ್ಟ್ರೇ,

ಒಪ್ಪಿಗೆ ಸಿಕ್ಕಿತು. ನಮ್ಮ ಅತ್ತಿಗೆಯದು. ಅತ್ತಿಗೆ ಎದುರಿಗೇ ಕೂತಿದ್ದಾಳೆ. ನಾನು ಏನು ಬರೆಯುತ್ತೇನೆ ಎಂದು ಕತ್ತು ಚಾಚಿ ನೋಡುತ್ತಿದ್ದಾಳೆ. ಅವಳ ಕತ್ತು ಉದ್ದ. ಶಾಲೆಯಲ್ಲಿ ಅವಳನ್ನು ಕೊಕ್ಕರೆ ಎನ್ನುತ್ತಿದ್ದೆವು.

ಅಂಗೈ ತಿರುಗಿಸಿ ತೋರಿಸಿದವಳು ನಾನು.

ನಾಣ್ಯ ಚಿಮ್ಮಿಸಿದವರು ಯಾರು, ಎಲ್ಲಿ ಎಂದು ಗೊತ್ತಿದ್ದೇ ಕೇಳಿದ್ದೆ. ನಿಮ್ಮ ಜುಲೈ ಕಾಗದದಲ್ಲಿ ಆ ಹುಡುಗಿ ಸಿಕ್ಕಳು. ನನ್ನನ್ನು ಯಾರೋ ಅಷ್ಟು ವರ್ಷ ನೆನಪಿಟ್ಟುಕೊಂಡಿದ್ದರು, ಅದೂ ಪ್ರಶ್ನೆ ಕೇಳಿದವಳು ಎಂದು. ಮನೆಯಲ್ಲಿ ನಾನು ಮಾತು ಬಾರದವಳಾಗಿದ್ದೆ. ಬೆಂಚು ಬಂದಾಗ ಅತ್ತೆನೆಂದು ನೀವು ತಿಳಿದಿರಬಹುದು. ಇಲ್ಲ. ಮೊದಲ ಸಲ ನ್ಯಾಯವಾಗಿ ಸೋತಿದ್ದೆ. ಅದರಲ್ಲಿ ಒಂದು ಬಗೆಯ ಮರ್ಯಾದೆ ಇತ್ತು.

ಕೊಕ್ಕರೆಗೆ ಕೋಣೆ ಬಂತು. ನಮ್ಮಿಬ್ಬರ ಮನೆ ಒಂದೇ ಬೀದಿಯಲ್ಲಿ. ಮೊದಲನೆಯ ದಿನ ಅವಳು ಹೊರಗೆ ಬಂದಾಗ ಬೆಂಚಿನವರೆಲ್ಲ ಮುತ್ತಿಕೊಂಡೆವು. ಹೇಳಬಾರದು ಎಂದು ಒಳಗೆ ಮಾತು ಕೊಟ್ಟು ಬಂದಿದ್ದಳು. ಅವಳು ಹೇಳಲಿಲ್ಲ. ಶಾಲೆಯ ಕಾಂಪೌಂಡ್ ಗೋಡೆಗೆ ಬೆರಳಿಟ್ಟು ನಡೆಯತೊಡಗಿದಳು. ಕೋಣೆಯ ಅಭ್ಯಾಸ ಅಷ್ಟೇ: ಬೆರಳು ನಿಲ್ಲದೆ ಜಾರುತ್ತಿರಬೇಕು, ಮಾತೂ ಅದರ ಜೊತೆ ಜಾರಬೇಕು. ನಾವು ಹಿಂದೆ ಸಾಲಾಗಿ ಬೆರಳಿಟ್ಟು ನಡೆದೆವು. ಅದನ್ನು ಆಟ ಎಂದಳು. ಆಟ ಆಡಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ. ಗೋಡೆ ಮುಗಿಯುವವರೆಗೆ ಒಂದು ವಾಕ್ಯ. ಬೆರಳು ಎತ್ತಿದವರು ಔಟ್. ವರ್ಷಪೂರ್ತಿ, ಶಾಲೆ ಬಿಟ್ಟ ಮೇಲೆ, ಹೋಲಿಕೆ ಗುಂಪು ಪೂರ್ತಿ ಆ ಆಟ ಆಡಿತು. ನೀವು ಬೆಂಚನ್ನು ನೋಡುತ್ತಿದ್ದಿರಿ. ಗಂಟೆ ಹೊಡೆದ ಮೇಲೆ ನಿಮ್ಮ ಪ್ರಯೋಗ ಮುಗಿಯುತ್ತಿತ್ತು, ನಮ್ಮದು ಶುರುವಾಗುತ್ತಿತ್ತು.

ಮಾರನೆಯ ವರ್ಷ ಮಾತಿನ ಟೀಚರಮ್ಮ ಬರಲಿಲ್ಲ. ಅವರು ಹೇಳಿಕೊಟ್ಟದ್ದು ಫಲಿಸಲಿಲ್ಲವಂತೆ, ಅದಕ್ಕೇ ಬಿಟ್ಟರಂತೆ ಎಂದು ದೊಡ್ಡವರು ಮಾತಾಡಿಕೊಂಡರು. ನಮಗೆ ಅದರ ತಲೆಬುಡ ತಿಳಿಯಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡಲು ನಿಮ್ಮ ಪುಸ್ತಕ ಕೈಗೆತ್ತಿಕೊಂಡು ನಾಲ್ಕನೆಯ ಅಧ್ಯಾಯಕ್ಕೆ ಬಂದ ದಿನ ತಿಳಿಯಿತು. ಓದಿ ಅತ್ತಿಗೆಗೆ ಹೇಳಿದೆ. ಅಷ್ಟು ಹೊತ್ತಿಗೆ ಅವಳು ನಮ್ಮಣ್ಣನನ್ನು ಕಟ್ಟಿಕೊಂಡು ಈ ಮನೆಗೇ ಬಂದಿದ್ದಳು. ಅವಳ ಬಾಯಿ ಮುಚ್ಚಿಸಲು ಈಗ ನಮ್ಮಣ್ಣನಿಗೆ ಒಂದು ಹೊಸ ಅಭ್ಯಾಸ ಬೇಕು. ಆದರೆ ಅಂದು ಅವಳು ಆಡಿದ್ದು ಒಂದೇ ಮಾತು. "ಹಾಗಾದ್ರೆ ಟೀಚರಮ್ಮನ ಕೆಲಸ ಕಳೆದಿದ್ದು ನಾನೇನಾ?" ಎಂದಳು. ಆವತ್ತಿನಿಂದ ಆ ಅಧ್ಯಾಯದ ಸುದ್ದಿ ತೆಗೆಯಬೇಡ ಎಂದು ನನಗೆ ಆಣೆ.

ಅಭಿಪ್ರಾಯದ ಹಾಳೆ ಬಂದಾಗ ಅವಳಿಗೆ ಗೊತ್ತಾಗದ ಹಾಗೆ ಅಂಚಿನಲ್ಲಿ 'ನಿಮಗೆ ಹೇಗೆ ಗೊತ್ತು' ಎಂಬ ಆ ಒಂದು ಪ್ರಶ್ನೆ ಬರೆದೆ. ಅದಕ್ಕಿಂತ ಮುಂದೆ ಹೋಗಲು ನನಗೆ ಹಕ್ಕಿರಲಿಲ್ಲ. ಪ್ರಯೋಗ ತೆಗೆಯುತ್ತೀರಿ ಎಂದು ನೀವು ಬರೆದಾಗ ಕಾಗದವನ್ನೇ ಅವಳ ಮುಂದೆ ಇಟ್ಟೆ. "ತೆಗೀಲಿ ಬಿಡು, ಒಳ್ಳೇದೇ ಆಯ್ತು," ಎಂದಳು. ಹತ್ತು ದಿನ ಬಿಟ್ಟು ಪಾತ್ರೆ ತೊಳೆಯುತ್ತ ತಾನಾಗಿ, "ತೆಗೆದ್ರೆ ಆಯಮ್ಮ ಸೋತಿದ್ದು ಸೋತ ಹಾಗೇ ಉಳಿಯುತ್ತೆ, ಅಲ್ವೇನೇ?" ಎಂದಳು. "ಕಾಗದ ಬರಿ," ಎಂದಳು.

ಟೀಚರಮ್ಮ ಎಲ್ಲಿದ್ದಾರೆ, ನಿಮಗೆ ಗೊತ್ತೇ? ಗೊತ್ತಿದ್ದರೆ ತಿಳಿಸಿ. ಅತ್ತಿಗೆಗೆ ಅವರ ಕಾಲು ಹಿಡಿಯಬೇಕಂತೆ. ನಾನು ಬೇಡ ಎನ್ನುತ್ತಿದ್ದೇನೆ, ಕತ್ತು ಉದ್ದ ಇರುವವರು ಬಗ್ಗಿದರೆ ನೋಡುವವರಿಗೆ ಭಯವಾಗುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ. ಫೋನ್ ಬೇಡ ಎಂದದ್ದು ಸ್ವಭಾವದಿಂದ ಅಲ್ಲ. ತರಗತಿಯಲ್ಲಿ ಕಪ್ಪುಹಲಗೆಯ ಅಂಚಿಗೆ ಬೆರಳಿಟ್ಟು ಪಾಠ ಮಾಡುತ್ತೇನೆ. ಹುಡುಗಿಯರು ಅದು ನನ್ನ ಸ್ಟೈಲ್ ಎಂದುಕೊಂಡಿದ್ದಾರೆ, ಸೆಮಿನಾರಿನಲ್ಲಿ ತಾವೂ ಹಾಗೇ ನಿಲ್ಲುತ್ತಾರೆ. ಅಪರಿಚಿತರ ಜೊತೆ ಫೋನಿನಲ್ಲಿ ಮಾತ್ರ ಮೊದಲನೆಯ ಅಕ್ಷರ ಇನ್ನೂ ಬಾಗಿಲು ತೆಗೆಯುವುದಿಲ್ಲ. ಆ ಕಡೆಯವರು ಹಲೋ ಹಲೋ ಎಂದು ಇಟ್ಟುಬಿಡುತ್ತಾರೆ.

ನಿಮ್ಮ ಹೋಲಿಕೆ ಗುಂಪಿನವಳು


ಅಕ್ಟೋಬರ್ 17

ತಂಗೀ,

ಹೀಗೆ ಕರೆಯಲು ಅನುಮತಿ ಬೇಡುವುದಿಲ್ಲ.

ಕರಡು ಕೊಡುವ ದಿನ ದಾಟಿದೆ. ಪ್ರಕಾಶಕರು ಕೂಗಾಡುತ್ತಿದ್ದಾರೆ, ಕೂಗಾಡಲಿ. ನಿಮಗೆ ತಡವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಊಹಿಸಬೇಡಿ, ಹೇಳುತ್ತೇನೆ.

ಮಾತಿನ ಟೀಚರ್ ಎಲ್ಲಿದ್ದಾರೆ ಎಂದು ಕೇಳಿದ್ದೀರಿ. ಈ ಗಳಿಗೆಯಲ್ಲಿ ನಡುಮನೆಯಲ್ಲಿದ್ದಾಳೆ.

ಆ ವರ್ಷದ ಕೊನೆಯಲ್ಲಿ ಫಲಿತಾಂಶ ಲೆಕ್ಕ ಹಾಕಿ ಅವಳಿಗೆ ತೋರಿಸಿದೆ. "ಇನ್ನೊಂದ್ಸಲ ನೋಡಿ," ಎಂದಳು. ನೋಡಿದೆ. ಅದೇ ಬಂತು. ಕಾಗದವನ್ನು ತಿರುಗಿಸಿ ಇಟ್ಟು, "ಹಾಗಾದ್ರೆ ಬಿಟ್ಟುಬಿಡ್ತೀನಿ. ಕೆಲಸಕ್ಕೆ ಬಾರದ್ದನ್ನ ಮಕ್ಕಳಿಗೆ ಕಲಿಸಬಾರದು," ಎಂದಳು. ನನ್ನ ಲೆಕ್ಕ ತಪ್ಪು ಎನ್ನಲಿಲ್ಲ, ಮಕ್ಕಳು ಸರಿಯಿಲ್ಲ ಎನ್ನಲಿಲ್ಲ. ತನ್ನ ಕೈಯಾರೆ ಕಟ್ಟಿದ್ದನ್ನು ಹೀಗೆ ಕೆಳಗಿಡಬಲ್ಲವರನ್ನು ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮದುವೆಯಾಗುತ್ತೀರಾ ಎಂದು ಕೇಳಿದೆ. ಮಾತು ಕಲಿಸುವವಳು ಹೋಗಿ ಸದ್ದು ಮಾಡಬೇಡಿ ಎನ್ನುವ ಕೆಲಸಕ್ಕೆ ಸೇರಿದಳು. ಪುಸ್ತಕ ಬರೆದಾಗ ಈ ಪ್ರಯೋಗ ಹಾಕಲೇಬೇಕು ಎಂದು ಪಟ್ಟು ಹಿಡಿದವಳೂ ಅವಳೇ. "ಸೋತಿದ್ದೂ ಎಲ್ಲಾದ್ರೂ ಬರೆದಿರಬೇಕು. ಇಲ್ದಿದ್ರೆ ಇನ್ಯಾರಾದ್ರೂ ಮತ್ತೆ ಸೋಲ್ತಾರೆ." ಇದನ್ನು ನಿಮಗೆ ಮೊದಲೇ ಹೇಳಬಹುದಿತ್ತು. ಪಠ್ಯಪುಸ್ತಕದಲ್ಲಿ ಹೆಂಡತಿ ಇರಬಾರದು ಎಂಬ ಹಳೆಯ ಅಭ್ಯಾಸ.

ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಹಳ ದಿನ ಓಡಾಡಿದೆ. ಏನಾಗುತ್ತದೋ ಎಂಬ ಅಂಜಿಕೆ. ಕೊನೆಗೆ ಗ್ರಂಥಾಲಯಕ್ಕೇ ಹೋಗಿ ಅವಳ ಮೇಜಿನ ಮೇಲೆ ಇಟ್ಟೆ. ಅಲ್ಲಿ ಯಾರೂ ದನಿ ಎತ್ತುವಂತಿಲ್ಲ, ಅದೊಂದು ಧೈರ್ಯ. ನಾನು ದೂರದ ಕಪಾಟಿನ ಬಳಿ ನಿಂತು ಪುಸ್ತಕವೊಂದನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದೆ. ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಆಮೇಲೆ ಗ್ರಂಥಾಲಯದ ಅಷ್ಟುದ್ದ ಹಾಲ್‌ನ ಆ ತುದಿಯಿಂದ ಕೂಗಿದಳು:

"ರೀ, ಆ ಹುಡುಗಿ ಹೇಗೆ ಕಲಿಸಿದ್ಲಂತೆ? ಉಸಿರು ಮೊದಲಾ, ಬೆರಳು ಮೊದಲಾ?"

ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಮೂಲೆಯಲ್ಲಿದ್ದ ಮುದುಕರೊಬ್ಬರು "ಶ್!" ಎಂದರು. ಅವರಿಗೆ ಎಷ್ಟೋ ವರ್ಷಗಳಿಂದ ಅವಳು "ಶ್" ಎನ್ನುತ್ತ ಬಂದಿದ್ದಳು, ತೀರಿಸಿಕೊಂಡರು.

ಮನೆಗೆ ನಡೆದುಕೊಂಡು ಬರುತ್ತ ಹೇಳಿದಳು. ಅವಳ ವಿಧಾನದಲ್ಲಿ ಮೊದಲು ಉಸಿರು ಬಿಡಬೇಕು, ಆಮೇಲೆ ಬೆರಳು ಜಾರಿಸಬೇಕು. ಕೋಣೆಯೊಳಗೆ ಮಕ್ಕಳು ನಿಂತು ಮಾಡುತ್ತಿದ್ದರು. ಕೊಕ್ಕರೆ ನಡೆಸಿದಳು. ನಡೆಯುವವರಿಗೆ ಉಸಿರು ತಾನಾಗಿ ಬರುತ್ತದೆ. "ನನಗೆ ಹೊಳೀಲೇ ಇಲ್ವಲ್ರೀ. ನಾನು ನಿಲ್ಲಿಸಿ ಕಲಿಸ್ತಿದ್ದೆ, ಅವಳು ನಡೆಸಿ ಕಲಿಸಿದ್ಲು," ಎಂದಳು. ಸ್ವಲ್ಪ ದೂರ ಹೋದ ಮೇಲೆ, ನಗುತ್ತಲೋ ಹೇಗೋ, "ಕೊನೇ ದಿನ ಪರೀಕ್ಷೆಗೆ ಮೊದಲು ಎಲ್ಲಾ ಮಕ್ಕಳ ಕೈ ತೊಳೆಸಿದ್ದೆ, ನೆನಪಿದ್ಯಾ? ಟೇಪ್ ರೆಕಾರ್ಡರಿಗೆ ಸುಣ್ಣ ಆಗುತ್ತೆ ಅಂತ. ಎರಡೂ ಗುಂಪಿನವರ ಬೆರಳೂ ಬಿಳೀನೇ ಇತ್ತು. ಸಾಕ್ಷಿನ ನಾನೇ ಸೋಪು ಹಾಕಿ ತೊಳೆಸಿದೆ," ಎಂದಳು.

ಕಾಂಪೌಂಡಿನ ಗೋಡೆಯ ಗೆರೆಯನ್ನು ನಾನೂ ನೋಡಿದ್ದೆ. ಮಕ್ಕಳ ಭುಜದ ಎತ್ತರಕ್ಕೆ, ಗೇಟಿನಿಂದ ಮೂಲೆಯವರೆಗೆ ಸುಣ್ಣ ಸವೆದು ಹೋಗಿತ್ತು. ಯಾರದೋ ಸೈಕಲ್ಲಿನ ಹ್ಯಾಂಡಲ್ ಉಜ್ಜಿರಬೇಕು ಎಂದುಕೊಂಡು ಅದರ ಪಕ್ಕದಲ್ಲೇ ದಿನಾ ಓಡಾಡಿದೆ.

ಅಧ್ಯಾಯದ ಕೊನೆಯ ಭಾಗವನ್ನು ಹೀಗೆ ತಿದ್ದಿದ್ದೇನೆ:

'ಹೋಲಿಕೆ ಗುಂಪಿನ ಮಕ್ಕಳಿಗೆ ನಾವು ಏನನ್ನೂ ಮಾಡಲಿಲ್ಲ. ಅಭ್ಯಾಸದ ಗುಂಪಿನ ಒಬ್ಬ ಹುಡುಗಿ ಮಾಡಿದಳು. ಕಲಿತದ್ದನ್ನು ಆಟವಾಗಿಸಿ, ಶಾಲೆ ಬಿಟ್ಟ ಮೇಲೆ ಅವರೆಲ್ಲರಿಗೂ ಹಂಚಿದಳು. ಆದ್ದರಿಂದ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣದೇ ಹೋದದ್ದು ಅಭ್ಯಾಸ ಫಲಿಸದೇ ಹೋದದ್ದಕ್ಕೆ ಸಾಕ್ಷಿಯಲ್ಲ. ಫಲಿಸಿತು ಎಂಬುದಕ್ಕೂ ಸಾಕ್ಷಿಯಲ್ಲ. ಈ ಪ್ರಯೋಗಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಲೇಖಕರು ಬರೆದಿದ್ದರು. ಹೋಲಿಕೆ ಗುಂಪಿನಲ್ಲಿದ್ದ ಓದುಗರೊಬ್ಬರು ತಿದ್ದಿದ್ದಾರೆ.'

ಫಲಿಸಿತು ಎಂದೇ ಬರೆಯಲು ನನಗೆ ಆಸೆಯಿತ್ತು. ಬರೆದೂ ಇದ್ದೆ. 'ಎಂಬುದಕ್ಕೂ ಸಾಕ್ಷಿಯಲ್ಲ' ಎಂದು ಸೇರಿಸಿದವಳು ಅವಳು. "ಇಷ್ಟು ವರ್ಷ ಸುಳ್ಳು ಸೋಲು ಹೊತ್ಕೊಂಡಿದ್ದು ಸಾಕು. ಈಗ ಸುಳ್ಳು ಗೆಲುವು ಬೇಡ," ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು.

ಇನ್ನೊಂದು ವಿಷಯ. ಸ್ವಲ್ಪ ಹೊತ್ತಿನ ಹಿಂದೆ ನಡುಮನೆಯಿಂದ ಅವಳ ದನಿ ಕೇಳಿ ಯಾರೋ ಬಂದರೆಂದು ಎದ್ದು ಹೋದೆ. ಒಬ್ಬಳೇ ಇದ್ದಳು. ಗೋಡೆಗೆ ಬೆರಳಿಟ್ಟು ಆ ತುದಿಯಿಂದ ಈ ತುದಿಗೆ ನಡೆಯುತ್ತ, ಏನೇನೋ ವಾಕ್ಯಗಳನ್ನು ಹೇಳಿ ನೋಡುತ್ತಿದ್ದಳು. ಆ ಗೋಡೆಗೆ ಬಣ್ಣ ಹೊಡೆಸಿ ಹೆಚ್ಚು ದಿನವಾಗಿಲ್ಲ. ನಾನು ವಾಪಸು ಬಂದು ಈ ಕಾಗದ ಮುಂದುವರಿಸಿದೆ.

ಅವಳ ಪ್ರಶ್ನೆಗೆ ಕೊಕ್ಕರೆಯೇ ಉತ್ತರ ಕೊಡಬೇಕಂತೆ. ಕಾಲು ಹಿಡಿಯುವ ಮಾತನ್ನು ಓದಿ, "ಕಾಲು ಯಾಕೆ? ನನ್ನ ವಿಧಾನಕ್ಕೆ ಸಿಕ್ಕ ಒಬ್ಬಳೇ ಟೀಚರ್ ಅವಳು. ಅರ್ಧ ಮಕ್ಕಳಿಗೆ ನಾನು ಕಲಿಸಿದೆ, ಇನ್ನರ್ಧ ಮಕ್ಕಳಿಗೆ ಅವಳು ಕಲಿಸಿದಾಳೆ," ಎಂದಳು.

ನಿಮ್ಮ,
ಮೇಷ್ಟ್ರು


ಅಕ್ಟೋಬರ್ 25

ಅಣ್ಣಾ,

ನೀವು ತಂಗಿ ಎಂದ ಮೇಲೆ ನನಗೂ ಅನುಮತಿ ಬೇಕಿಲ್ಲ.

ಕಾಗದವನ್ನು ಅತ್ತಿಗೆಗೆ ಗಟ್ಟಿಯಾಗಿ ಓದಿ ಹೇಳಿದೆ, ಅಡುಗೆಮನೆಯ ಗೋಡೆಗೆ ಬೆರಳಿಟ್ಟುಕೊಂಡೇ. ಒಬ್ಬಳೇ ಟೀಚರ್ ಎಂಬಲ್ಲಿಗೆ ಬಂದಾಗ ಅವಳು ಒಲೆ ಆರಿಸಿ ಹಿತ್ತಲಿಗೆ ಹೋದಳು. ಅಣ್ಣ ಗಾಬರಿಯಾಗಿ, "ಏನಾಯ್ತೇ ಅವಳಿಗೆ? ಮಾತಾಡ್ತಾ ಇಲ್ವಲ್ಲ?" ಎಂದ. ಸಂತೋಷವಾಗಿದೆ ಎಂದೆ. "ಸಂತೋಷಕ್ಕೆ ಹೀಗಾಗುತ್ತೆ ಅಂತ ಗೊತ್ತಿದ್ರೆ ಮೊದಲೇ ಮಾಡ್ತಿದ್ನಲ್ಲ," ಎಂದ. ಅವಳು ಹಿತ್ತಲಿನಿಂದಲೇ ಅವನಿಗೆ ತಕ್ಕ ಉತ್ತರ ಕೊಟ್ಟಳು. ಅದನ್ನು ಬರೆಯುವುದಿಲ್ಲ. ಅಂತೂ ಮಾತು ವಾಪಸು ಬಂತು.

ಅವಳ ಉತ್ತರ: ಬೆರಳು ಮೊದಲು. "ಉಸಿರು ಬಿಡಿ ಅಂದ್ರೆ ಎಲ್ಲಾರೂ ಹಿಡ್ಕೊಳ್ತಿದ್ರು ಟೀಚರಮ್ಮಾ. ಅದಕ್ಕೇ ಉಸಿರಿನ ಸುದ್ದೀನೇ ಎತ್ತಲಿಲ್ಲ." ಹೀಗೇ ಬರೆಯಬೇಕು, ಒಂದಕ್ಷರ ಬದಲಿಸಬಾರದು ಎಂದಿದ್ದಾಳೆ. ಮಿಕ್ಕದ್ದನ್ನು ತಾನೇ ಹೇಳುತ್ತಾಳಂತೆ.

ನೀವು ತಿದ್ದಿದ ಭಾಗವನ್ನು ತರಗತಿಯಲ್ಲಿ ಓದಿದೆ. ಹಿಂದಿನ ಬೆಂಚಿನವಳು, "ಹಾಗಾದ್ರೆ ಈಗ ಉತ್ತರ ಏನು ಮೇಡಂ?" ಎಂದಳು. ಗೊತ್ತಿಲ್ಲ ಎಂದೆ. ಮತ್ತೆ ಪ್ರಯೋಗ ಮಾಡಬೇಕಾಗುತ್ತದೆ, ನಡೆಯುವವರದೊಂದು ಗುಂಪು, ನಿಲ್ಲುವವರದೊಂದು, ಬೆಂಚಿನವರದೊಂದು. ಈ ಸಲ ಬೇರೆ ಬೇರೆ ಶಾಲೆಗಳಲ್ಲಿ ಎಂದೆ. ಆ ಕಡೆ ಈ ಕಡೆ ಗುಸುಗುಸು ಶುರುವಾಯಿತು, ಯಾವ ಶಾಲೆ, ಯಾರು ಕೇಳಬೇಕು ಎಂದು. ನಾನು ಹಲಗೆಯ ಅಂಚಿನಿಂದ ಬೆರಳು ತೆಗೆದು ಅವರ ಮಾತು ಕೇಳುತ್ತ ನಿಂತೆ.

ಭಾನುವಾರ ಸಂಜೆ ಫೋನ್ ಮಾಡುತ್ತೇವೆ. ಅತ್ತಿಗೆ ತಾನೇ ಮೊದಲು ಮಾತಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಬೇಡ ಎಂದಿದ್ದೇನೆ, ಮೊದಲು ನಾನು. ಪಡಸಾಲೆಯ ಗೋಡೆ ಉದ್ದವಾಗಿದೆ, ಅಲ್ಲೇ ನಡೆಯುತ್ತ ಮಾಡುತ್ತೇನೆ. ಟೀಚರಮ್ಮನಿಗೆ ಒಂದು ಮಾತು ಹೇಳಿಡಿ: ಫೋನ್ ಎತ್ತಿದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸದಿದ್ದರೆ ಇಡುವುದು ಬೇಡ. ಈ ಕಡೆ ನಾನು ಇರುತ್ತೇನೆ.

ನಿಮ್ಮ ತಂಗಿ